ಅಶ್ವಹೃದಯ, ಅಕ್ಷಹೃದಯ

ಕುದುರೆ ಪಂದ್ಯದ ಹಿಂದಿನ ದಿನ ಕೆಲವು ವೃತ್ತಪತ್ರಿಕೆಗಳಲ್ಲಿ ಒಂದು ಅಂಕಣ ಬರುವುದನ್ನು ನೀವು ನೋಡಿರಬಹುದು. ಮರುದಿನ ಓಡಲಿರುವ ಕುದುರೆಗಳ ಹೆಸರು, ವಯಸ್ಸು, ಹೊರುವ ತೂಕ, ಸವಾರನ ಹೆಸರು, ಹಿಂದಿನ ಓಟಗಳಲ್ಲಿ ಬಂದ ಸ್ಥಾನ, ಇಷ್ಟನ್ನೂ ಇಕ್ಕಟ್ಟಾದ ಅಕ್ಷರಗಳಲ್ಲಿ ಅಚ್ಚುಮಾಡಿ, ಕಡೆಗೆ ಗೆಲ್ಲಬಹುದಾದವು ಇಂತಿಂಥವು ಎಂದು ಎರಡು ಮೂರು ಹೆಸರು ಹೇಳಿ ಮುಗಿಸಿರುತ್ತಾರೆ. ಹಲವರು ಆ ಪುಟವನ್ನು ಮಗುಚಿಹಾಕುತ್ತಾರೆ. ಕೆಲವರು ಅದನ್ನೇ ಮೊದಲು ಓದುತ್ತಾರೆ. ಜೂಜಿನ ಗೊಡವೆ ನನಗಿಲ್ಲ. ಆದರೆ ವ್ಯಾಕರಣ ಪಾಠ ಹೇಳಿ ತಲೆ ನರೆತವನಿಗೆ ಆ ಅಂಕಣದ ಸ್ವಾರಸ್ಯವೇ ಬೇರೆ. ನಮ್ಮ ಕನ್ನಡದಲ್ಲಿ ಸಂಭಾವನಾರ್ಥಕ ಕ್ರಿಯಾಪದವೆಂದು ಒಂದುಂಟಷ್ಟೆ: ಬಂದೀತು, ಗೆದ್ದೀತು, ಸೋತೀತು. ಹುಡುಗರಿಗೆ ಉದಾಹರಣೆ ಕೊಡಬೇಕೆಂದರೆ ಇಷ್ಟು ಸಮೃದ್ಧವಾದ ಗಣಿ ಬೇರೊಂದಿಲ್ಲ. ಅಲ್ಲಿ ನಡೆದ ಸಂಗತಿ ಒಂದೂ ಇರುವುದಿಲ್ಲ, ಎಲ್ಲವೂ ನಡೆದೀತು.

ಒಂದು ಕುದುರೆ ‘ಗೆದ್ದೀತು’ ಎನ್ನಬೇಕಾದರೆ ಹೇಳುವವನಿಗೆ ಏನು ಗೊತ್ತಿರಬೇಕು? ಈ ಪ್ರಶ್ನೆ ನ್ಯೂಮಾರ್ಕೆಟ್ಟಿನದೂ ಅಲ್ಲ, ಬೆಂಗಳೂರಿನದೂ ಅಲ್ಲ. ಅದು ಮಹಾಭಾರತದಷ್ಟು ಹಳೆಯದು.

ನಳನ ಕಥೆ ನಮ್ಮ ಮನೆಗಳಲ್ಲಿ ಕನಕದಾಸರ ನಳಚರಿತ್ರೆಯಿಂದ ಪರಿಚಿತವಾದದ್ದು. ಮೂಲದಲ್ಲಿ, ಎಂದರೆ ಅರಣ್ಯಪರ್ವದಲ್ಲಿ, ಒಂದು ಪ್ರಸಂಗವಿದೆ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಬಳಿ ಸಾರಥಿಯಾಗಿದ್ದಾನೆ. ಒಂದೇ ದಿನದಲ್ಲಿ ವಿದರ್ಭಕ್ಕೆ ಮುಟ್ಟಬೇಕಾಗಿದೆ. ಲಾಯಕ್ಕೆ ಹೋಗಿ ನಳನು ಆರಿಸಿ ತಂದದ್ದು ಬಡಕಲಾದ ಸಿಂಧುದೇಶದ ಕುದುರೆಗಳನ್ನು. ‘ಈ ಬಡಕಲು ಪ್ರಾಣಿಗಳು ಅಷ್ಟು ದೂರ ಎಳೆದಾವೇ?’ ಎಂದು ದೊರೆಗೆ ಸಿಟ್ಟು ಬಂತು. ನಳನು ಅವುಗಳ ಮೈಮೇಲಿನ ಸುಳಿಗಳನ್ನು ತೋರಿಸಿ, ಇವೇ ಮುಟ್ಟಿಸುತ್ತವೆ, ಬೇರೆ ಬೇಕೆನಿಸಿದರೆ ಅಪ್ಪಣೆಯಾಗಲಿ, ಅವನ್ನೇ ಹೂಡುತ್ತೇನೆ ಎಂದ. ದೊರೆ ಒಪ್ಪಿದ, ರಥ ಹಾರಿತು. ದಾರಿಯಲ್ಲಿ ಒಂದು ತಾರೆಮರ ಸಿಕ್ಕಿತು. ಹಿಂದಿನವರು ದಾಳವಾಗಿ ಬಳಸುತ್ತಿದ್ದುದು ಈ ಮರದ ಕಾಯಿಗಳನ್ನೇ. ಋತುಪರ್ಣನು ಎರಡು ಕೊಂಬೆಗಳನ್ನು ಒಮ್ಮೆ ನೋಡಿ ಅದರಲ್ಲಿ 2,095 ಕಾಯಿಗಳಿವೆ ಎಂದುಬಿಟ್ಟ. ನಳ ನಂಬಲಿಲ್ಲ. ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡಿದ, ಲೆಕ್ಕ ಸರಿಹೋಯಿತು. ಆಗ ಇಬ್ಬರೂ ವಿದ್ಯೆ ಬದಲಾಯಿಸಿಕೊಂಡರು. ನಳನದು ಅಶ್ವಹೃದಯ, ಕುದುರೆಯ ಅಂತರಂಗ ತಿಳಿಯುವ ವಿದ್ಯೆ. ಋತುಪರ್ಣನದು ಅಕ್ಷಹೃದಯ, ದಾಳದ ಮತ್ತು ಎಣಿಕೆಯ ವಿದ್ಯೆ. ಕುದುರೆಯನ್ನು ಅಷ್ಟು ಬಲ್ಲವನು ಜೂಜಿನಲ್ಲಿ ಸೋತು ಕಾಡು ಸೇರಿದ್ದನಲ್ಲ, ಆ ಎರಡನೆಯ ವಿದ್ಯೆ ಇಲ್ಲದ್ದರಿಂದ ಎಂಬುದನ್ನು ಈಗ ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಮ್ಮವರ ಅಶ್ವಶಾಸ್ತ್ರವೆಲ್ಲ ಬಹುಮಟ್ಟಿಗೆ ಲಕ್ಷಣಶಾಸ್ತ್ರ. ಶಾಲಿಹೋತ್ರನ ಹೆಸರಿನಲ್ಲಿ ನಡೆದುಬಂದ ಗ್ರಂಥಗಳಲ್ಲಾಗಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಾಗಲಿ, ಬಣ್ಣ, ಸುಳಿ, ಹಲ್ಲು, ನಡಿಗೆ ಇವುಗಳ ವಿಚಾರವೇ ವಿಚಾರ. ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದ. ನಾಲ್ಕು ಕಾಲೂ ಮುಖವೂ ಬೆಳ್ಳಗಿದ್ದರೆ ಪಂಚಕಲ್ಯಾಣಿ, ಶುಭ. ಇಂಥ ಕಡೆ ಸುಳಿಯಿದ್ದರೆ ಒಡೆಯನಿಗೆ ಕೇಡು. ಇದನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕುವವರು ದನದ ಜಾತ್ರೆಗೆ ಹೋಗಿ ಸುಳಿ ನೋಡುವ ರೈತನನ್ನು ಮಾತನಾಡಿಸಿ ಬರಲಿ. ಹಲ್ಲು ನೋಡಿ ವಯಸ್ಸು ಹೇಳುವುದಂತೂ ಶುದ್ಧ ಶಾಸ್ತ್ರವೇ. ಆದರೆ ಈ ವಿದ್ಯೆಯಲ್ಲಿ ಒಂದು ಕೊರತೆಯಿತ್ತು. ನಿಂತ ಕುದುರೆಯನ್ನು ನೋಡಿ ಹೇಳುವುದೇ ಅದರ ರೀತಿ; ಈ ಕುದುರೆ ಹೋದ ವರ್ಷ ಯಾವುದರ ಎದುರು ಓಡಿತು, ಎಷ್ಟು ಹಿಂದೆ ಬಿತ್ತು ಎಂದು ಬರೆದಿಡುವ ಪದ್ಧತಿ ಬೆಳೆಯಲಿಲ್ಲ. ಯುದ್ಧಕ್ಕೆ ಕುದುರೆ ಕೊಳ್ಳುವ ದೊರೆಗೆ ಅದರ ಅಗತ್ಯವೂ ಇರಲಿಲ್ಲವೆನ್ನಿ.

ಬರೆದಿಡುವ ಪದ್ಧತಿಯನ್ನು ಬೆಳೆಸಿದವರು ಇಂಗ್ಲಿಷರು. ಎರಡನೆಯ ಚಾರ್ಲ್ಸ್ ದೊರೆಗೆ ನ್ಯೂಮಾರ್ಕೆಟ್ಟೆಂಬ ಊರಿನ ಬಯಲಿನಲ್ಲಿ ಕುದುರೆ ಓಡಿಸುವ ಹುಚ್ಚು. 1665ರಲ್ಲಿ ಅಲ್ಲಿನ ಟೌನ್ ಪ್ಲೇಟ್ ಪಂದ್ಯಕ್ಕೆ ನಿಯಮಗಳನ್ನು ಬರೆಸಿದ. 1671ರಲ್ಲಿ ತಾನೇ ಸವಾರನಾಗಿ ಗೆದ್ದ. ಪ್ರತಿ ಕುದುರೆಯೂ 12 ಸ್ಟೋನ್, ನಮ್ಮ ಲೆಕ್ಕದಲ್ಲಿ ಸುಮಾರು 76 ಕಿಲೋ, ಹೊರಬೇಕೆಂಬುದು ನಿಯಮ. ಎಲ್ಲಕ್ಕೂ ಒಂದೇ ತೂಕ ಎಂಬುದನ್ನು ಗಮನಿಸಿ. 1704ರಲ್ಲಿ ಅಲೆಪ್ಪೊ ನಗರದಿಂದ ಡಾರ್ಲಿ ಅರೇಬಿಯನ್ ಎಂಬ ಗಂಡು ಕುದುರೆ ಇಂಗ್ಲೆಂಡಿಗೆ ಬಂತು. ಬೈಯರ್ಲಿ ಟರ್ಕ್, ಗೊಡಾಲ್ಫಿನ್ ಅರೇಬಿಯನ್ ಎಂಬ ಇನ್ನೆರಡರೊಡನೆ ಅದು ಪಂದ್ಯದ ತಳಿಗೆಲ್ಲ ಮೂಲಪುರುಷನಾಯಿತು. ಇಂದು ಲೋಕದಲ್ಲಿ ಎಲ್ಲಿಯೇ ಓಡಲಿ, ಪಂದ್ಯದ ಕುದುರೆಯ ಗಂಡುಸಂತತಿ ಈ ಮೂರರಲ್ಲಿ ಒಂದಕ್ಕೆ ಹೋಗಿ ಮುಟ್ಟುತ್ತದೆ. ಮೂರೇ ಗೋತ್ರ! 1727ರಲ್ಲಿ ಜಾನ್ ಚೀನಿ ಎಂಬಾತ ದೇಶದಲ್ಲಿ ನಡೆದ ಪಂದ್ಯಗಳ ಪಟ್ಟಿಯನ್ನು ಅಚ್ಚುಹಾಕಿಸಿದ. 1773ರಿಂದ ವೆದರ್ಬಿ ಮನೆತನದವರು ಆ ಕೆಲಸ ಹಿಡಿದರು. 1791ರಲ್ಲಿ ಅವರದೇ ವಂಶಾವಳಿ ಗ್ರಂಥವೂ ಬಂತು. ಅಲ್ಲಿಂದ ಮುಂದೆ ಕುದುರೆಯ ಲಕ್ಷಣ ಅದರ ಮೈಮೇಲೆ ಎಷ್ಟೋ ಅಷ್ಟೇ ಕಾಗದದ ಮೇಲೂ ಇರತೊಡಗಿತು.

ಈ ನಡುವೆ ಎಕ್ಲಿಪ್ಸ್ ಎಂಬ ಕುದುರೆಯ ಕಥೆ ಬಂತು. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಡಾರ್ಲಿ ಅರೇಬಿಯನ್ನಿನ ಮರಿಮಗನ ಮಗ. 1764ರ ಏಪ್ರಿಲ್ 1ರ ಸೂರ್ಯಗ್ರಹಣದ ವರ್ಷ ಹುಟ್ಟಿದ್ದರಿಂದ ಆ ಹೆಸರು. ನಮ್ಮವರಾಗಿದ್ದರೆ ಗ್ರಹಣದಲ್ಲಿ ಹುಟ್ಟಿದ್ದನ್ನು ಲಾಯಕ್ಕೇ ಸೇರಿಸುತ್ತಿರಲಿಲ್ಲ. ಕೆಂಪು ಬಣ್ಣ, ಮುಖದಲ್ಲಿ ಬಿಳಿ ಪಟ್ಟೆ, ಹಿಂದಿನ ಬಲಗಾಲು ಬಿಳಿ. ಪಂಚಕಲ್ಯಾಣಿಗೆ ಐದು ಅಂಕವಾದರೆ ಇದಕ್ಕೆ ಎರಡು. ಐದು ವರ್ಷವಾಗುವವರೆಗೆ ಯಾವ ಪಂದ್ಯಕ್ಕೂ ಇಳಿದಿರಲಿಲ್ಲವಾದ್ದರಿಂದ ಕಾಗದದ ಮೇಲೆ ಅದರ ಸುದ್ದಿ ಏನೂ ಇರಲಿಲ್ಲ. ಎಪ್ಸಮ್ಮಿನಲ್ಲಿ ಗುಟ್ಟಾಗಿ ಅದನ್ನು ಓಡಿಸಿ ನೋಡುತ್ತಾರೆಂದು ತಿಳಿದು ಕೆಲವು ಬೇಹುಗಾರರು ಹೋದರಂತೆ. ಅಷ್ಟರಲ್ಲಿ ಓಟ ಮುಗಿದಿತ್ತು. ದಾರಿಯಲ್ಲಿ ಸಿಕ್ಕ ಒಬ್ಬ ಮುದುಕಿಯನ್ನು ಕೇಳಿದರು. ‘ಪಂದ್ಯವೋ ಏನೋ ನಾ ಕಾಣೆನಪ್ಪ. ಬಿಳಿ ಕಾಲಿನದೊಂದು ಓಡಿಹೋಗುತ್ತಿತ್ತು, ಇನ್ನೊಂದು ಬಹಳ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿತ್ತು. ಭೂಮಿಯ ಕೊನೆಗೆ ಹೋದರೂ ಅದು ಇದನ್ನು ಹಿಡಿಯಲಾರದು’ ಎಂಬ ಅರ್ಥದ ಮಾತು ಆಕೆ ಹೇಳಿದಳೆಂದು ಪ್ರತೀತಿ. ಮುಂದಿನ ಎಲ್ಲ ಅಂಕಣಕಾರರಿಗೂ ಆ ಅಜ್ಜಿಯೇ ಮೊದಲ ಗುರು ಎಂದರೆ ತಪ್ಪಿಲ್ಲ. ಕಂಡದ್ದನ್ನು ಹೇಳಿದಳು, ಒಂದು ಕಾಸೂ ಕಟ್ಟಲಿಲ್ಲ.

1769ರ ಮೇ 3ರಂದು ಪಂದ್ಯ ನಡೆಯಿತು. ಆ ಕಾಲದಲ್ಲಿ ಒಂದೇ ಪಂದ್ಯವನ್ನು ಹಲವು ಸುತ್ತು ಓಡಿಸುತ್ತಿದ್ದರು. ಮೊದಲ ಸುತ್ತು ಎಕ್ಲಿಪ್ಸ್ ಗೆದ್ದಿತು. ಆಗ ಓ’ಕೆಲ್ಲಿ ಎಂಬ ಐರಿಷ್ ಸಾಹಸಿ, ಎರಡನೆಯ ಸುತ್ತಿನಲ್ಲಿ ಬರುವ ಕುದುರೆಗಳ ಅನುಕ್ರಮವನ್ನೇ ಹೇಳುತ್ತೇನೆಂದು ಪಣ ಕಟ್ಟಿದ. ಎಕ್ಲಿಪ್ಸ್ ಮೊದಲು, ಮಿಕ್ಕವು ಎಲ್ಲೂ ಇಲ್ಲ ಎಂಬುದು ಅವನ ಅನುಕ್ರಮ. ಮುಂದಿನ ಕುದುರೆಗಿಂತ 240 ಗಜಕ್ಕೂ ಹೆಚ್ಚು ಹಿಂದೆ ಬಿದ್ದದ್ದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಿಯಮವಿತ್ತು. ಹಾಗೆಯೇ ಆಯಿತು. ಎಕ್ಲಿಪ್ಸ್ 18 ಪಂದ್ಯಗಳಲ್ಲಿ ಒಮ್ಮೆಯೂ ಸೋಲಲಿಲ್ಲ. 1789ರಲ್ಲಿ ಅದು ಸತ್ತಾಗ ಸೇನ್‌ಬೆಲ್ ಎಂಬ ಫ್ರೆಂಚ್ ಪಶುವೈದ್ಯ ಅದರ ಅಂಗಾಂಗಗಳನ್ನೆಲ್ಲ ಅಳೆದು ಪುಸ್ತಕವನ್ನೇ ಬರೆದ. ಸುಳಿ ಹೋಗಿ ಅಳತೆಪಟ್ಟಿ ಬಂತು. ಆಸೆ ಮಾತ್ರ ಅದೇ. ನಿಂತ ಮೈಯಲ್ಲಿ ಓಟ ಎಲ್ಲಿ ಅಡಗಿದೆಯೆಂದು ಕಂಡುಹಿಡಿಯಬೇಕು!

ಆದರೆ ಅಂಥ ಕುದುರೆ ಲಾಯದಲ್ಲಿದ್ದರೆ ಪಂದ್ಯವೇ ನಿಂತುಹೋಗುತ್ತದೆ. ಗೆಲ್ಲುವುದು ಯಾವುದೆಂದು ಎಲ್ಲರಿಗೂ ಗೊತ್ತಾದಮೇಲೆ ಎದುರಿಗೆ ಓಡುವವರು ಯಾರು, ಪಣ ಕಟ್ಟುವವರು ಯಾರು? ಎಕ್ಲಿಪ್ಸಿಗೆ ಕೆಲವು ಪಂದ್ಯಗಳಲ್ಲಿ ಎದುರಾಳಿಯೇ ಇಲ್ಲದೆ ಒಂಟಿಯಾಗಿ ಮೈದಾನ ಸುತ್ತಿಬರಬೇಕಾಯಿತು. ಇದಕ್ಕೆ ಪರಿಹಾರ ತೂಕ. ಬಲವಾದದ್ದಕ್ಕೆ ಹೆಚ್ಚು ಹೊರೆ, ಬಡವಾದದ್ದಕ್ಕೆ ಕಡಿಮೆ, ಇದೇ ಹ್ಯಾಂಡಿಕ್ಯಾಪ್. ಇದನ್ನು ಶಾಸ್ತ್ರವಾಗಿ ಮಾಡಿದವನು ನೌಕಾಪಡೆಯಿಂದ ಬಂದ ಅಡ್ಮಿರಲ್ ರೌಸ್. ಕುದುರೆಯ ವಯಸ್ಸು, ಓಡುವ ದೂರ, ವರ್ಷದ ಯಾವ ತಿಂಗಳು ಎಂಬುದನ್ನೆಲ್ಲ ಲೆಕ್ಕಹಾಕಿ ಎಷ್ಟು ತೂಕವೆಂದು ಕೋಷ್ಟಕ ಬರೆದ. 1851ರ ಮೇ ತಿಂಗಳಲ್ಲಿ ಯಾರ್ಕ್ ನಗರದಲ್ಲಿ ಫ್ಲೈಯಿಂಗ್ ಡಚ್‌ಮನ್, ವೋಲ್ಟಿಜರ್ ಎಂಬ ಎರಡು ಹೆಸರಾಂತ ಕುದುರೆಗಳಿಗೆ ಪಂದ್ಯವಾಯಿತು. ತೂಕ ಗೊತ್ತುಮಾಡುವ ಕೆಲಸ ರೌಸನದು. ಐದು ವರ್ಷದ ಡಚ್‌ಮನ್ ನಾಲ್ಕು ವರ್ಷದ ವೋಲ್ಟಿಜರಿಗಿಂತ ಎಂಟೂವರೆ ಪೌಂಡು ಹೆಚ್ಚು ಹೊರಲಿ ಎಂದ. ಎರಡು ಮೈಲಿ ಓಡಿದಮೇಲೆ ಡಚ್‌ಮನ್ ಗೆದ್ದದ್ದು ಒಂದು ಕುದುರೆಯುದ್ದಕ್ಕಿಂತ ಹೆಚ್ಚಲ್ಲ. ಜನ ಡಚ್‌ಮನ್ನಿಗೆ ಜೈಕಾರ ಹಾಕಿದರು. ನನ್ನನ್ನು ಕೇಳಿದರೆ ಆ ದಿನ ನಿಜವಾಗಿ ಗೆದ್ದವನು ರೌಸ್. 1855ರಲ್ಲಿ ಆತನೇ ಸಾರ್ವಜನಿಕ ಹ್ಯಾಂಡಿಕ್ಯಾಪರಾದ.

ಇಲ್ಲಿ ಸ್ವಲ್ಪ ನಿಲ್ಲೋಣ. ಹ್ಯಾಂಡಿಕ್ಯಾಪ್ ಪಂದ್ಯದಲ್ಲಿ ತೂಕ ಹಾಕುವವನ ಗುರಿಯೇನು? ಓಡುವ ಅಷ್ಟೂ ಕುದುರೆಗಳು ಒಂದೇ ಗೆರೆಯಲ್ಲಿ ಬಂದು ಮುಟ್ಟಲಿ ಎಂಬುದು. ಅಂಕಣಕಾರನ ಗುರಿಯೇನು? ಅವುಗಳಲ್ಲಿ ಮೊದಲು ಮುಟ್ಟುವುದನ್ನು ಹೇಳುವುದು. ಹ್ಯಾಂಡಿಕ್ಯಾಪರೂ ಅಂಕಣಕಾರನೂ ಓದುವುದು ಅವೇ ಹಳೆಯ ಓಟಗಳ ಲೆಕ್ಕವನ್ನು. ಒಬ್ಬನು ತನ್ನ ಕೆಲಸ ಎಷ್ಟು ಚೆನ್ನಾಗಿ ಮಾಡಿದರೆ ಇನ್ನೊಬ್ಬನ ಕೆಲಸ ಅಷ್ಟು ಕೆಡುತ್ತದೆ. ಹಾಗಾದರೆ ಅಂಕಣಕಾರನಿಗೆ ಉಳಿಯುವುದು ತೂಕದಲ್ಲಿ ಹಿಡಿಯಲಾರದ ಚೂರುಪಾರು: ಮಳೆ ಬಿದ್ದು ನೆಲ ಮೆತ್ತಗಾದರೆ ಯಾವುದು ತಡೆದೀತು, ಯಾವ ಸವಾರನ ಕೈ ಹಗುರ, ಮೂರು ತಿಂಗಳು ಬಿಟ್ಟು ಓಡುವ ಕುದುರೆಗೆ ದಮ್ಮು ಉಳಿದಿದೆಯೇ, ಪಂದ್ಯಕ್ಕೆ ಮುಂಚೆ ಅಂಗಳದಲ್ಲಿ ನಡೆಸುವಾಗ ಮೈ ಬೆವರಿದೆಯೇ. ಬೆಳಗಿನ ಜಾವದ ಕಸರತ್ತನ್ನು ದುರ್ಬೀನು ಹಿಡಿದು ನೋಡುವವರೂ ಈ ಚೂರನ್ನೇ ಹುಡುಕುತ್ತಿರುತ್ತಾರೆ.

ಈ ಚೂರಿಗಾಗಿ ಮನುಷ್ಯರು ಏನೆಲ್ಲ ಮಾಡಿದರೆಂಬುದು ಇತಿಹಾಸದ ಕತ್ತಲ ಭಾಗ. ಡೇನಿಯಲ್ ಡಾಸನ್ ಎಂಬವನು ನ್ಯೂಮಾರ್ಕೆಟ್ಟಿನಲ್ಲಿ ಕುದುರೆಗಳು ಕುಡಿಯುವ ತೊಟ್ಟಿಗೆ ಪಾಷಾಣ ಬೆರೆಸಿದ. ಸೋಲುವ ಕುದುರೆ ಯಾವುದೆಂದು ಮುಂಚೆಯೇ ಗೊತ್ತಿರಲೆಂದು! 1812ರಲ್ಲಿ ಅವನನ್ನು ಕೇಂಬ್ರಿಜ್ಜಿನಲ್ಲಿ ಗಲ್ಲಿಗೇರಿಸಿದರು. 1844ರ ಡರ್ಬಿಯಲ್ಲಿ ಮೊದಲು ಬಂದ ರನ್ನಿಂಗ್ ರೀನ್ ಎಂಬುದು ಆ ಹೆಸರಿನ ಕುದುರೆಯೇ ಆಗಿರಲಿಲ್ಲ. ಡರ್ಬಿ ಮೂರು ವರ್ಷದ ಕುದುರೆಗಳಿಗೆ ಮಾತ್ರ. ಓಡಿದ್ದು ಮಕಾಬಿಯಸ್ ಎಂಬ ನಾಲ್ಕು ವರ್ಷದ ಕುದುರೆ. ಮೊಕದ್ದಮೆ ನಡೆದಾಗ ನ್ಯಾಯಾಧೀಶ ಆಲ್ಡರ್ಸನ್, ವಾದವೆಲ್ಲ ಇರಲಿ, ಕುದುರೆಯನ್ನು ತನ್ನಿ, ಹಲ್ಲು ನೋಡೋಣ ಎಂದ. ಕುದುರೆ ಮಾಯವಾಗಿತ್ತು. ಕಡೆಗೆ ಎರಡನೆಯದಾಗಿ ಬಂದಿದ್ದ ಆರ್ಲ್ಯಾಂಡೊಗೆ ಬಹುಮಾನ ಹೋಯಿತು. ಎಷ್ಟೇ ವಂಶಾವಳಿ, ಎಷ್ಟೇ ಪಟ್ಟಿ ಅಚ್ಚಾದರೂ ಕಟ್ಟಕಡೆಗೆ ನಮ್ಮ ಶಾಲಿಹೋತ್ರನ ಹಲ್ಲಿನ ಲೆಕ್ಕವೇ ಬೇಕಾಯಿತಲ್ಲ ಎಂದು ನನಗೊಂದು ಸಣ್ಣ ಸಂತೋಷ.

ಇದುವರೆಗೆ ಹೇಳಿದ್ದೆಲ್ಲ ಅಶ್ವಹೃದಯದ ವಿಚಾರ. ಈಗ ಅಕ್ಷಹೃದಯಕ್ಕೆ ಬರೋಣ. ಕಾಗದ ಪೆನ್ಸಿಲು ಬೇಕಾದರೆ ತೆಗೆದುಕೊಳ್ಳಿ, ಲೆಕ್ಕ ಸುಲಭವಾದದ್ದು.

ಮೂರೇ ಕುದುರೆ ಓಡುತ್ತಿವೆ ಎನ್ನಿ. ಬುಕ್ಕಿ ಮೊದಲನೆಯದಕ್ಕೆ ಒಂದಕ್ಕೆ ಒಂದು ಎನ್ನುತ್ತಾನೆ. 6 ರೂಪಾಯಿ ಕಟ್ಟಿ ಗೆದ್ದರೆ ಅಸಲೂ ಸೇರಿ 12 ಕೈಗೆ ಬರುತ್ತದೆ. ಎರಡನೆಯದಕ್ಕೆ ಒಂದಕ್ಕೆ ಎರಡು. 4 ರೂಪಾಯಿಗೆ 12. ಮೂರನೆಯದಕ್ಕೆ ಒಂದಕ್ಕೆ ಮೂರು; 3 ರೂಪಾಯಿಗೆ 12. ನೀವು ಜಾಣತನ ಮಾಡಿ ಮೂರರ ಮೇಲೂ ಕಟ್ಟಿದಿರಿ. ಯಾವುದು ಗೆದ್ದರೂ 12 ರೂಪಾಯಿ ನಿಶ್ಚಯ. ಆದರೆ ಕೈಯಿಂದ ಹೋದದ್ದು ಆರು, ನಾಲ್ಕು, ಮೂರು, ಒಟ್ಟು 13. ಆ ಒಂದು ರೂಪಾಯಿ ಕುದುರೆಯ ಕಾಲಲ್ಲೂ ಇಲ್ಲ, ಸವಾರನ ಕೈಯಲ್ಲೂ ಇಲ್ಲ. ಅದು ಬುಕ್ಕಿಯ ಲೆಕ್ಕದಲ್ಲಿದೆ. 1860ರ ದಶಕದಲ್ಲಿ ಪ್ಯಾರಿಸ್ಸಿನ ಜೋಸೆಫ್ ಒಲೆರ್ ಎಂಬಾತ ಬುಕ್ಕಿಯಿಲ್ಲದೆ ಎಲ್ಲರ ಹಣವನ್ನೂ ಒಂದೇ ರಾಶಿ ಹಾಕಿ ಗೆದ್ದವರಿಗೆ ಹಂಚುವ ಪದ್ಧತಿ ತಂದ. 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಆ ಹಂಚಿಕೆಗೆ ಜಾರ್ಜ್ ಜೂಲಿಯಸ್ಸನ ಯಂತ್ರವೂ ಬಂತು, ಅದೇ ಟೋಟಲೈಸೇಟರ್. ಅಲ್ಲಿಯೂ ಹಂಚುವ ಮೊದಲು ರಾಶಿಯಿಂದ ಒಂದು ಪಾಲು ತೆಗೆದಿಡುತ್ತಾರೆ.

ಇನ್ನೊಂದು ಸೂಕ್ಷ್ಮವೂ ಇದೆ. ಒಳ್ಳೆಯ ಕುದುರೆಯೆಂದು ನಿಮಗೆ ಗೊತ್ತಾದದ್ದು ಪತ್ರಿಕೆಯಿಂದಲಷ್ಟೆ? ಪತ್ರಿಕೆ ನಿಮ್ಮೊಬ್ಬರ ಮನೆಗೇ ಬರುವುದಿಲ್ಲ. ಎಲ್ಲರೂ ಅದರ ಮೇಲೆ ಕಟ್ಟಿದರೆ ಅದರ ದರ ಇಳಿಯುತ್ತದೆ. ‘ಗೆದ್ದೀತು’ ಎಂಬ ಮಾತು ನಿಜವಾಗಿರಬಹುದು. ಆ ನಿಜದ ಬೆಲೆಯನ್ನು ದರದಲ್ಲಿ ಆಗಲೇ ವಸೂಲು ಮಾಡಿಕೊಂಡಿರುತ್ತಾರೆ. ಯಾವ ಕುದುರೆ ಗೆದ್ದೀತು ಎಂಬುದು ಒಂದು ಪ್ರಶ್ನೆ, ಅದಕ್ಕೆ ಹೇಳಿದ ದರ ಅದರ ಯೋಗ್ಯತೆಗೆ ತಕ್ಕದ್ದೇ ಎಂಬುದು ಬೇರೆಯೇ ಪ್ರಶ್ನೆ. ಅಂಕಣ ಉತ್ತರಿಸುವುದು ಮೊದಲನೆಯದಕ್ಕೆ. ಹಣ ಹೋಗುವುದು, ಬರುವುದು ಎರಡನೆಯದರಿಂದ.

ನಮ್ಮ ದೇಶದಲ್ಲಿ ಈ ವಿಚಾರ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1974ರಲ್ಲಿ ತಮಿಳುನಾಡು ಸರ್ಕಾರ ಕುದುರೆ ಪಂದ್ಯದ ಪಣವನ್ನು ನಿಷೇಧಿಸಲು ಶಾಸನ ಮಾಡಿತು. ಬಹುಕಾಲ ನಡೆದ ವ್ಯಾಜ್ಯ 1996ರ ಜನವರಿ 12ರಂದು ತೀರ್ಮಾನವಾಯಿತು. ಕುದುರೆಯ ಓಟ ಅದೃಷ್ಟದ ಆಟವಲ್ಲ. ತಳಿ, ತರಬೇತಿ, ಸವಾರನ ಚಾತುರ್ಯಗಳನ್ನು ಅವಲಂಬಿಸಿದ್ದು. ಅವನ್ನು ತೂಗಿನೋಡಿ ಪಣ ಕಟ್ಟುವುದೂ ಪ್ರಧಾನವಾಗಿ ಕೌಶಲದ ಕೆಲಸ ಎಂದು ನ್ಯಾಯಾಲಯ ಹೇಳಿತು. ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ನಾಡಿನವರಾದ ನಾವು ಮೊದಲ ಭಾಗವನ್ನು ಅಲ್ಲಗಳೆಯಲಾರೆವು. ಕೌಶಲವಿದೆ ಎಂಬ ಮಾತು ನ್ಯಾಯವೇ. ಆದರೆ ಕೌಶಲದ ಆಟವೆಂದಮೇಲೆ ಕೌಶಲ ಕಡಿಮೆಯಿರುವವನು ಹೆಚ್ಚಿರುವವನಿಗೆ ಸೋಲುತ್ತಾನೆ ಎಂಬುದೂ ಅದರಲ್ಲೇ ಅಡಕವಾಗಿದೆಯಲ್ಲವೆ? ಚಾಮುಂಡಿ ಬೆಟ್ಟದ ತಪ್ಪಲಿನ ಮೈದಾನದಿಂದ ತಿಂಗಳ ಮೊದಲ ವಾರದಲ್ಲೇ ಖಾಲಿ ಜೇಬಿನೊಡನೆ ಮನೆಗೆ ಹೊರಟವನಿಗೆ, ನೀನು ಸೋತದ್ದು ಅದೃಷ್ಟದಿಂದಲ್ಲ ಎಂದು ಹೇಳಿದರೆ ಸಮಾಧಾನವಾದೀತೆ? ಅವನ ಮನೆಯಾಕೆಗೆ?

ಎರಡನೆಯ ವಿದ್ಯೆಯಿಲ್ಲದವನ ಕಥೆಯನ್ನು ಹೇಳಬೇಕಾದರೆ 1867ರ ಡರ್ಬಿಗಿಂತ ಮಿಗಿಲಾದದ್ದು ನನಗೆ ತಿಳಿಯದು. ಹೆನ್ರಿ ಚಾಪ್ಲಿನ್ ಎಂಬ ಶ್ರೀಮಂತ ಯುವಕ. ಅವನಿಗೆ ನಿಶ್ಚಯವಾಗಿದ್ದ ಲೇಡಿ ಫ್ಲಾರೆನ್ಸ್ ಪ್ಯಾಜೆಟ್ 1864ರಲ್ಲಿ, ಮದುವೆಗೆ ಸ್ವಲ್ಪ ಮುಂಚೆ, ಹೇಸ್ಟಿಂಗ್ಸ್ ಎಂಬ ಮಾರ್ಕ್ವಿಸನ ಜೊತೆ ಓಡಿಹೋಗಿ ಅವನನ್ನು ಮದುವೆಯಾದಳು. ಮರುವರ್ಷ ಚಾಪ್ಲಿನ್ ಸಾವಿರ ಗಿನಿ ಕೊಟ್ಟು ಹರ್ಮಿಟ್ ಎಂಬ ಎಳೆಯ ಕುದುರೆಯನ್ನು ಕೊಂಡ. ಅದು ಡರ್ಬಿಗೆ ಬೆಳೆದು ನಿಂತಾಗ ಹೇಸ್ಟಿಂಗ್ಸ್ ಅದು ಗೆಲ್ಲಲಾರದೆಂದು ಸಿಕ್ಕಸಿಕ್ಕವರ ಬಳಿ ಪಣ ಒಡ್ಡತೊಡಗಿದ. ಕುದುರೆಯ ವಿದ್ಯೆ ಅವನಿಗೆ ಗೊತ್ತಿಲ್ಲವೆಂದಲ್ಲ. ಲಾಯದ ತುಂಬ ಒಳ್ಳೆಯ ಕುದುರೆಗಳನ್ನು ಸಾಕಿದವನು. ಆದರೆ ಇಲ್ಲಿ ಅವನು ತೂಗಿದ್ದು ಕುದುರೆಯನ್ನಲ್ಲ, ಕುದುರೆಯ ಒಡೆಯನನ್ನು.

ಪಂದ್ಯಕ್ಕೆ ಕೆಲವೇ ದಿನಗಳಿದ್ದಾಗ ಕಸರತ್ತಿನಲ್ಲಿ ಹರ್ಮಿಟ್ಟಿನ ಮೂಗಿನಿಂದ ರಕ್ತ ಸುರಿಯಿತು. ಸುದ್ದಿ ಹಬ್ಬಿತು. ಗೊತ್ತಾಗಿದ್ದ ಸವಾರನನ್ನು ಬೇರೆ ಕುದುರೆಗೆ ಬಿಟ್ಟುಕೊಟ್ಟರು. ಅಂಕಣಗಳಿಂದ ಹೆಸರು ಬಿದ್ದುಹೋಯಿತು. ದರ 15ಕ್ಕೆ 1,000ದವರೆಗೆ ಏರಿತು, ಎಂದರೆ ಒಂದಕ್ಕೆ 66. ಸತ್ತ ಕುದುರೆಗೆ ಇಡುವ ದರ! ಮೇ 22ರಂದು ಎಪ್ಸಮ್ಮಿನಲ್ಲಿ ಬೇಸಗೆಯ ಹೊಸ್ತಿಲಲ್ಲೇ ಹಿಮ ಬೀಳುತ್ತಿತ್ತು. ಓಟ ಸರಿಯಾಗಿ ಪ್ರಾರಂಭವಾಗದೆ ಮತ್ತೆ ಮತ್ತೆ ಹಿಂದಕ್ಕೆ ಕರೆದರು. ಕುದುರೆಗಳು ಚಳಿಯಲ್ಲಿ ನಿಂತು ನಡುಗಿದವು. ಎಲ್ಲರೂ ಆರಿಸಿದ್ದು ವೌಬನ್ ಎಂಬ ಕುದುರೆಯನ್ನು. ಅದು ಮೂರನೆಯದಾಯಿತು. ಮಾರ್ಕ್ಸ್‌ಮನ್ ಎಂಬುದು ಮುಂದಾಗಿ ಬರುತ್ತಿರುವಾಗ, ಜಾನಿ ಡೇಲಿ ಎಂಬ ಹುಡುಗ ಏರಿದ್ದ ಹರ್ಮಿಟ್ ಹಿಂದಿನಿಂದ ಬಂದು ಕತ್ತಿನಷ್ಟು ಅಂತರದಲ್ಲಿ ಗೆದ್ದುಬಿಟ್ಟಿತು.

ಹೇಸ್ಟಿಂಗ್ಸ್ ಆ ದಿನ ಕಳೆದುಕೊಂಡದ್ದು ಸುಮಾರು 1,20,000 ಪೌಂಡು ಎನ್ನುತ್ತಾರೆ. ಗೆದ್ದ ಕುದುರೆಯ ಬಳಿ ಹೋಗಿ ಮೈ ತಟ್ಟಿದನಂತೆ. ಆ ಮಟ್ಟಿಗೆ ದೊಡ್ಡಮನುಷ್ಯ. ಅವನ ಸ್ಕಾಟ್ಲೆಂಡಿನ ಆಸ್ತಿ ಹೋಯಿತು. ಮರುವರ್ಷದ ಡರ್ಬಿಗೆ ಅವನ ಲೇಡಿ ಎಲಿಜಬೆತ್ ಎಂಬ ಹೆಣ್ಣುಕುದುರೆ ಎಲ್ಲರ ಬಾಯಲ್ಲೂ ಇತ್ತು. ಹಿಂದಿನ ವರ್ಷದ ಲೆಕ್ಕ ನೋಡಿದರೆ ಅದನ್ನು ಆರಿಸಿದವರನ್ನು ಯಾರೂ ತಪ್ಪೆನ್ನುವಂತಿರಲಿಲ್ಲ. ಅದು ಮೊದಲ ಮೂರರಲ್ಲೂ ಬರಲಿಲ್ಲ. 1868ರ ನವೆಂಬರಿನಲ್ಲಿ ಹೇಸ್ಟಿಂಗ್ಸ್ ತೀರಿಕೊಂಡ. ಆಗ ಅವನಿಗೆ 26 ವರ್ಷ. ಹರ್ಮಿಟ್ ಮಾತ್ರ ಇನ್ನೂ 20 ವರ್ಷಕ್ಕೂ ಹೆಚ್ಚು ಕಾಲ ಚಾಪ್ಲಿನ್ನನ ಬಳಿ ಬದುಕಿತ್ತು. 1880ರಿಂದ 1886ರವರೆಗೆ ಏಳು ವರ್ಷ, ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಬಹುಮಾನ ಗೆದ್ದ ಮರಿಗಳ ತಂದೆ ಆ ಮೂಗಿನಿಂದ ರಕ್ತ ಸುರಿದ ಕುದುರೆಯೇ.